ಹಲ್ಲೆಗೆ ಮೊದಲೇ ಕಾಣುವ ಗುರುತುಗಳು

ಬೆಂಗಳೂರಿನಲ್ಲಿ ಈಗ ಕಿವಿಗೆ ಬೀಳುತ್ತಿರುವ ಕೆಲವು ಮಾತುಗಳು ಕಳವಳ ಹುಟ್ಟಿಸುವಂತಿವೆ. ಮನೆ ಖಾಲಿ ಇದೆ, ಬಂದು ನೋಡಿ ಎಂದು ಫೋನಿನಲ್ಲಿ ಹೇಳಿದ ಬ್ರೋಕರ್, ಬಾಗಿಲಿಗೆ ಬಂದ ಮಣಿಪುರದ ಹುಡುಗಿಯ ಮುಖ ನೋಡಿದ ಕೂಡಲೇ ‘ಓನರ್ ಒಪ್ತಿಲ್ಲಮ್ಮ, ಬೇರೆಯವರು ಅಡ್ವಾನ್ಸ್ ಕೊಟ್ಟುಬಿಟ್ರು’ ಎನ್ನುತ್ತಾನೆ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಮೂರನೇ ಮಹಡಿಯ ಆಫ್ರಿಕಾದ ವಿದ್ಯಾರ್ಥಿಗಳ ಮನೆಗೆ ಯಾರು ಎಷ್ಟು ಹೊತ್ತಿಗೆ ಬಂದರು ಎಂಬ ಫೋಟೊ ಹರಿದಾಡುತ್ತದೆ. ಬಂಗಾಳಿ ಮಾತನಾಡುವ ಕಸ ಆಯುವವರೆಲ್ಲ ‘ಬಾಂಗ್ಲಾದವರು’ ಎಂದು ತೀರ್ಮಾನವಾಗಿಬಿಡುತ್ತದೆ. ಆಟೊದವನಿಗೂ ಪ್ರಯಾಣಿಕನಿಗೂ ಇಪ್ಪತ್ತು ರೂಪಾಯಿಗೆ ಶುರುವಾದ ಜಗಳ ಮೊಬೈಲಿನಲ್ಲಿ ಸೆರೆಯಾಗಿ, ಸಂಜೆಯ ಹೊತ್ತಿಗೆ ಎರಡು ಜನರ ನಡುವಿನ ಯುದ್ಧವೆಂಬಂತೆ ದೇಶವೆಲ್ಲ ಸುತ್ತಿ ಬರುತ್ತದೆ.

ಇವೆಲ್ಲ ಬಿಡಿಬಿಡಿಯಾಗಿ ನೋಡಿದರೆ ಸಣ್ಣ ಸಂಗತಿಗಳೇ. ಪತ್ರಿಕೆಗಳಿಗೆ ಸುದ್ದಿಯಲ್ಲ, ಠಾಣೆಗೆ ದೂರಲ್ಲ. ಆದರೆ ಈ ನಗರದಲ್ಲಿ ಹೊರಗಿನವರ ಮೇಲೆ ನಡೆದ ಯಾವ ದೊಡ್ಡ ಹಲ್ಲೆಯೂ ಇದ್ದಕ್ಕಿದ್ದಂತೆ ನಡೆದದ್ದಲ್ಲ. ಪ್ರತಿ ಸಲವೂ ಮೊದಲು ಇಂಥವೇ ಮಾತುಗಳು ಬಂದಿದ್ದವು. ಪ್ರತಿ ಸಲವೂ ನಾವು ಅವನ್ನು ಕೇಳಿಸಿಕೊಂಡು ಸುಮ್ಮನಿದ್ದೆವು.

2012ರ ಆಗಸ್ಟ್ ನೆನಪಿಸಿಕೊಳ್ಳಿ. ಅಸ್ಸಾಮಿನ ಕೊಕ್ರಝಾರ್‌ನಲ್ಲಿ ಹಿಂಸಾಚಾರ ನಡೆದ ಬೆನ್ನಿಗೇ ಬೆಂಗಳೂರಿನಲ್ಲಿ ಎಸ್‌ಎಂಎಸ್‌ಗಳು ಓಡಾಡತೊಡಗಿದವು. ರಂಜಾನ್ ಮುಗಿದ ಮೇಲೆ ಈಶಾನ್ಯದವರನ್ನು ಹುಡುಕಿ ಹೊಡೆಯುತ್ತಾರೆ ಎಂಬ ಪುಕಾರು. ಸ್ವಾತಂತ್ರ್ಯ ದಿನದ ರಾತ್ರಿ ಸಿಟಿ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೆಕ್ಯುರಿಟಿ ಗಾರ್ಡುಗಳು, ಬ್ಯೂಟಿ ಪಾರ್ಲರಿನ ಹುಡುಗಿಯರು, ಹೋಟೆಲಿನ ಅಡುಗೆಯವರು, ನರ್ಸಿಂಗ್ ವಿದ್ಯಾರ್ಥಿಗಳು, ಸಂಬಳವನ್ನೂ ಕೇಳದೆ ಚೀಲ ಹೊತ್ತು ನಿಂತಿದ್ದರು. ರೈಲ್ವೆ ಇಲಾಖೆ ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೆಲವೇ ದಿನಗಳಲ್ಲಿ ಊರು ಬಿಟ್ಟವರು 30 ಸಾವಿರದಷ್ಟು ಎಂಬುದು ಆಗಿನ ಅಂದಾಜು. ಗೃಹ ಸಚಿವರು ನಿಲ್ದಾಣಕ್ಕೇ ಹೋಗಿ ‘ಹೋಗಬೇಡಿ, ನಾವಿದ್ದೇವೆ’ ಎಂದು ಕೇಳಿಕೊಂಡರು. ಮುಸ್ಲಿಂ ಮುಖಂಡರೂ ಬಂದು ಧೈರ್ಯ ಹೇಳಿದರು. ಕೇಂದ್ರ ಸರ್ಕಾರ 15 ದಿನ ದೇಶದಾದ್ಯಂತ ಸಗಟು ಎಸ್‌ಎಂಎಸ್‌ಗಳನ್ನೇ ತಡೆಹಿಡಿಯಿತು.

ಒಳ್ಳೆಯ ಮಾತುಗಳೇ, ಒಳ್ಳೆಯ ಪ್ರಯತ್ನವೇ. ಆದರೆ ಅವು ಬಂದದ್ದು ಜನ ಪ್ಲಾಟ್‌ಫಾರ್ಮಿಗೆ ತಲುಪಿದ ಮೇಲೆ. ಒಂದು ಪುಕಾರನ್ನು ಅಷ್ಟು ಮಂದಿ ಯಾಕೆ ನಂಬಿದರು ಎಂಬ ಪ್ರಶ್ನೆಯನ್ನು ಆಗ ಯಾರೂ ಸರಿಯಾಗಿ ಕೇಳಲಿಲ್ಲ. ದಿನವೂ ಬಸ್ಸಿನಲ್ಲಿ ‘ಚಿಂಕಿ’ ಎನ್ನಿಸಿಕೊಂಡವನಿಗೆ, ಬಾಡಿಗೆ ಮನೆಗಾಗಿ ಬೀದಿಬೀದಿ ಅಲೆದವನಿಗೆ, ಠಾಣೆಗೆ ಹೋದಾಗ ‘ಯಾವ ದೇಶ ನಿಂದು’ ಎಂದು ಕೇಳಿಸಿಕೊಂಡವನಿಗೆ, ಆಪತ್ತು ಬಂದರೆ ಈ ಊರು ತನ್ನ ಪರ ನಿಲ್ಲುತ್ತದೆ ಎಂಬ ಭರವಸೆ ಎಲ್ಲಿಂದ ಬರಬೇಕು? ಪುಕಾರು ಹೊರಗಿನಿಂದ ಬಂದಿರಬಹುದು, ಅದನ್ನು ನಂಬುವಂತೆ ಮಾಡಿದ್ದು ಇಲ್ಲಿಯ ದಿನನಿತ್ಯದ ಅನುಭವ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಮತ್ತೆ ಅದೇ ಕಥೆ. ಮೈಸೂರಿನ ಸೂಪರ್‌ಮಾರ್ಕೆಟ್ ಒಂದರಲ್ಲಿ ನಾಗಾಲ್ಯಾಂಡಿನ ವಿದ್ಯಾರ್ಥಿಗಳನ್ನು ಮುಖ ನೋಡಿಯೇ ಒಳಗೆ ಬಿಡಲಿಲ್ಲ. ಅವರ ಜೇಬಿನಲ್ಲಿ ಆಧಾರ್ ಕಾರ್ಡಿತ್ತು.

2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಬೇಕು. ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿ ಹೊಡೆದು ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಜನ ಸೇರಿದರು, ಸಿಟ್ಟು ಸಹಜವಾಗಿತ್ತು. ಅರ್ಧ ಗಂಟೆಯಾದ ಮೇಲೆ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿ ತಾಂಜಾನಿಯದ ವಿದ್ಯಾರ್ಥಿನಿಯೊಬ್ಬರು ಮತ್ತು ಅವರ ಸ್ನೇಹಿತರಿದ್ದರು. ಅಪಘಾತ ಮಾಡಿದವನ ಪರಿಚಯ ಅವರಿಗಿರಲಿಲ್ಲ, ಅವನ ದೇಶದವರೂ ಅವರಲ್ಲ. ಸುಡಾನಿಗೂ ತಾಂಜಾನಿಯಕ್ಕೂ ನಡುವೆ ಬೇರೆ ದೇಶಗಳೇ ಇವೆ. ಗುಂಪಿಗೆ ಕಂಡದ್ದು ಮೈಬಣ್ಣ ಮಾತ್ರ. ಕಾರಿಗೆ ಬೆಂಕಿ ಬಿತ್ತು. ಆ ಯುವತಿಯನ್ನು ಹೊಡೆದರು, ಬಟ್ಟೆ ಹರಿದರು. ಬಸ್ ಹತ್ತಿ ಪಾರಾಗಲು ನೋಡಿದರೆ ಒಳಗಿದ್ದವರು ಕೆಳಗೆ ತಳ್ಳಿದರು ಎಂದು ಆಕೆ ಆಮೇಲೆ ಹೇಳಿದರು. ಮೈ ಮುಚ್ಚಿಕೊಳ್ಳಲೆಂದು ಅಂಗಿ ಕೊಡಲು ಬಂದವನಿಗೂ ಏಟು ಬಿತ್ತು ಎಂದು ವರದಿಯಾಯಿತು. ದೂರು ದಾಖಲಿಸುವಲ್ಲಿ ಪೊಲೀಸರು ತೋರಿದ ಅಸಡ್ಡೆ ದೊಡ್ಡ ಸುದ್ದಿಯಾಗಿ, ವಿದೇಶಾಂಗ ಸಚಿವರು ಮಧ್ಯೆ ಬಂದ ಮೇಲೆ ಬಂಧನಗಳಾದವು, ಕೆಲವು ಪೊಲೀಸರು ಅಮಾನತಾದರು.

ಆಗ ರಾಜ್ಯದ ಗೃಹ ಸಚಿವರಾಗಿದ್ದವರು, ಇದು ಜನಾಂಗೀಯ ದಾಳಿಯಲ್ಲ, ಅಪಘಾತದ ಸಿಟ್ಟಿಗೆ ಆದದ್ದು ಎಂದರು. ಈ ಮಾತನ್ನು ನಾವು ಬೇರೊಂದು ಕಡೆ ಕೇಳಿದ್ದೆವು. 2009ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದಾಗ ಅಲ್ಲಿನ ಪೊಲೀಸರು, ಇವು ಸಮಯ ನೋಡಿ ಮಾಡುವ ಸುಲಿಗೆ, ಜನಾಂಗದ್ವೇಷವಲ್ಲ ಎಂದಿದ್ದರು. ಆಗ ನಮ್ಮ ರಕ್ತ ಕುದಿದಿತ್ತು. ನಮ್ಮ ಮಕ್ಕಳನ್ನು ಹೊಡೆದದ್ದಲ್ಲದೆ ಸುಳ್ಳು ಬೇರೆ ಹೇಳುತ್ತಾರೆ ಎಂದು ಬೀದಿಗಿಳಿದಿದ್ದೆವು. ಆ ಸಿಟ್ಟು ನ್ಯಾಯವಾಗಿದ್ದರೆ, ತಾಂಜಾನಿಯದ ತಂದೆತಾಯಿಯ ಸಿಟ್ಟೂ ನ್ಯಾಯವಾದದ್ದೇ. ಆಗಿದ್ದನ್ನು ಆಗಿದೆ ಎಂದು ಒಪ್ಪಿಕೊಳ್ಳದ ಆಡಳಿತಕ್ಕೆ ಮುಂದಿನದನ್ನು ತಡೆಯುವ ಶಕ್ತಿ ಬರುವುದಿಲ್ಲ.

ಮಾತು ಎಷ್ಟು ಬೇಗ ಬುಲ್ಡೋಜರ್ ಆಗಬಲ್ಲದು ಎಂಬುದಕ್ಕೆ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರ ಸಾಕ್ಷಿ. 2020ರ ಜನವರಿಯಲ್ಲಿ ಶಾಸಕರೊಬ್ಬರು ಅಲ್ಲಿನ ಜೋಪಡಿಗಳ ವಿಡಿಯೊ ಹಂಚಿಕೊಂಡು, ಇಲ್ಲಿ ಅಕ್ರಮ ಬಾಂಗ್ಲಾದೇಶಿಗಳು ನೆಲೆಸಿದ್ದಾರೆ ಎಂದರು. ವಾರ ಕಳೆಯುವುದರೊಳಗೆ ಜೆಸಿಬಿ ಬಂತು. ತಗಡು, ಟಾರ್ಪಾಲಿನ್, ಪಾತ್ರೆ, ಮಕ್ಕಳ ಪುಸ್ತಕ ಎಲ್ಲ ಒಂದೇ ರಾಶಿ. ಕೆಡವಿಸಿಕೊಂಡವರು ಗುರುತಿನ ಚೀಟಿ ಹಿಡಿದು ನಿಂತಾಗ ಗೊತ್ತಾದದ್ದು, ಅವರಲ್ಲಿ ಅಸ್ಸಾಂ, ತ್ರಿಪುರಾದವರಷ್ಟೇ ಅಲ್ಲ, ಉತ್ತರ ಕರ್ನಾಟಕದಿಂದ ಗುಳೆ ಬಂದ ಕನ್ನಡಿಗರೂ ಇದ್ದರು ಎಂಬುದು. ಹೈಕೋರ್ಟ್ ಮಧ್ಯಪ್ರವೇಶಿಸಿ ತೆರವನ್ನು ತಡೆಯಿತು, ಪೊಲೀಸರ ಕ್ರಮವನ್ನು ತರಾಟೆಗೆ ತೆಗೆದುಕೊಂಡಿತು. ಅಷ್ಟರಲ್ಲಿ ಮನೆಗಳು ನೆಲಸಮವಾಗಿದ್ದವು. ದ್ವೇಷಕ್ಕೆ ಗುರುತಿನ ಚೀಟಿ ನೋಡುವ ತಾಳ್ಮೆ ಇರುವುದಿಲ್ಲ. ಇವತ್ತು ಬಂಗಾಳಿಯವನೆಂದು ಎತ್ತಿದ ಕೈ ನಾಳೆ ರಾಯಚೂರಿನವನ ಮೇಲೂ ಬೀಳುತ್ತದೆ.

ಸಿದ್ದಿಗಳನ್ನು ಕೇಳಿ ನೋಡಿ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡಂಚಿನಲ್ಲಿ ಶತಮಾನಗಳಿಂದ ಬಾಳುತ್ತಿರುವ, ಆಫ್ರಿಕಾ ಮೂಲದ ಕರ್ನಾಟಕದ ಜನ ಅವರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಆದರೂ ಉದ್ಯೋಗಕ್ಕೆಂದು ಬೆಂಗಳೂರಿಗೆ ಬಂದ ಸಿದ್ದಿ ಯುವಕ ಬಸ್ಸಿನಲ್ಲಿ, ಪಿ.ಜಿ. ಬಾಗಿಲಲ್ಲಿ, ಪೊಲೀಸ್ ನಾಕಾದಲ್ಲಿ ‘ನೈಜೀರಿಯಾನಾ’ ಎಂಬ ಪ್ರಶ್ನೆಗೆ ಅಚ್ಚಗನ್ನಡದಲ್ಲಿ ಉತ್ತರ ಕೊಡುತ್ತಲೇ ಇರಬೇಕು. ಬೈಲಕುಪ್ಪೆಯಲ್ಲಿ ಹುಟ್ಟಿ ಬೆಳೆದ ಟಿಬೆಟನ್ ಹುಡುಗನಿಗೂ ಇದೇ ಪಾಡು. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ಟಿಬೆಟಿನ ನಿರಾಶ್ರಿತರಿಗೆ ಭೂಮಿ ಕೊಟ್ಟಿತು. ದೇಶದಲ್ಲೇ ದೊಡ್ಡ ಟಿಬೆಟನ್ ನೆಲೆಗಳು ಇಂದು ನಮ್ಮ ರಾಜ್ಯದಲ್ಲಿವೆ. ಅಷ್ಟು ಔದಾರ್ಯ ತೋರಿದ ನಾಡಿನ ರಾಜಧಾನಿ ಈಗ ಮುಖದ ಆಕಾರ ನೋಡಿ ಊರು ಕೇಳುತ್ತಿದೆ.

ಇಲ್ಲಿ ಒಂದು ವಿಷಯವನ್ನು ತಪ್ಪಿಸಿ ಮುಂದೆ ಹೋಗುವಂತಿಲ್ಲ. ಕನ್ನಡಿಗರ ನೋವು ಸುಳ್ಳಲ್ಲ. 2011ರ ಜನಗಣತಿಯ ಪ್ರಕಾರವೇ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮನೆಮಾತಿನವರು ಅರ್ಧಕ್ಕಿಂತ ಕಡಿಮೆ. ಬ್ಯಾಂಕಿನ ಕೌಂಟರಿನಲ್ಲಿ ಹಳ್ಳಿಯಿಂದ ಬಂದ ಅಜ್ಜಿಗೆ ಅವಳ ಭಾಷೆಯಲ್ಲಿ ಉತ್ತರ ಸಿಗದಿದ್ದರೆ ಅದು ಅನ್ಯಾಯ. ಹತ್ತು ವರ್ಷ ಇಲ್ಲಿದ್ದು, ಇಲ್ಲಿ ಸಂಪಾದಿಸಿ, ‘ಕನ್ನಡ ಯಾಕೆ ಕಲಿಯಬೇಕು’ ಎಂದು ಹೀಗಳೆಯುವವರಿದ್ದಾರೆ, ಅವರ ಮಾತು ಚುಚ್ಚುತ್ತದೆ. ಕನ್ನಡಿಗರನ್ನು ಹಿಂದುಳಿದವರೆಂದೂ ಜಗಳಗಂಟರೆಂದೂ ಸೋಷಿಯಲ್ ಮೀಡಿಯಾದಲ್ಲಿ ಬೈಯುವುದೂ ದ್ವೇಷವೇ. ಅದನ್ನೂ ಅದೇ ಹೆಸರಿನಿಂದ ಕರೆಯಬೇಕು. ಆದರೆ ಆ ಸಿಟ್ಟು ಹೋಗಿ ಬೀಳುತ್ತಿರುವುದು ಎಲ್ಲಿ? ಕನ್ನಡದಲ್ಲಿ ಸೇವೆ ಕೊಡಬೇಕಾದದ್ದು ಬ್ಯಾಂಕಿನ ಆಡಳಿತ ಮಂಡಳಿ, ನೇಮಕಾತಿ ನಿಯಮ ಮಾಡುವವರು, ಕಂಪನಿಗಳು. ಹೊಡೆತ ಬೀಳುವುದು ರಾತ್ರಿ ಪಾಳಿ ಮುಗಿಸಿ ಬರುವ ಅಸ್ಸಾಮಿನ ಗಾರ್ಡಿಗೆ, ಡೆಲಿವರಿ ಹುಡುಗನಿಗೆ. 2014ರ ಅಕ್ಟೋಬರಿನಲ್ಲಿ ಕೊತ್ತನೂರಿನಲ್ಲಿ ಮಣಿಪುರದ ವಿದ್ಯಾರ್ಥಿಗಳಿಗೆ, ಕನ್ನಡ ಮಾತನಾಡಿ ಇಲ್ಲವೇ ಊರು ಬಿಡಿ ಎಂದು ಹೊಡೆದರಲ್ಲ, ಅದರಿಂದ ಕನ್ನಡಕ್ಕೆ ಒಬ್ಬ ಮಾತುಗಾರನೂ ಹೆಚ್ಚಾಗಲಿಲ್ಲ.

2016ರ ಸೆಪ್ಟೆಂಬರ್ 12ರ ದಿನವನ್ನು ಮರೆಯಲು ಸಾಧ್ಯವೇ? ಕಾವೇರಿ ನೀರು ಬಿಡಬೇಕೆಂಬ ಸುಪ್ರೀಂ ಕೋರ್ಟ್ ಆದೇಶದಿಂದ ನಾಡು ನೊಂದಿತ್ತು. ಫೇಸ್‌ಬುಕ್ಕಿನಲ್ಲಿ ಕನ್ನಡದ ನಟರನ್ನು ಗೇಲಿ ಮಾಡಿದನೆಂದು ತಮಿಳು ಯುವಕನೊಬ್ಬನನ್ನು ಬೆಂಗಳೂರಿನಲ್ಲಿ ಹಿಡಿದು ಥಳಿಸಿ, ಕ್ಷಮೆ ಕೇಳಿಸಿ, ಅದರ ವಿಡಿಯೊ ಮಾಡಿದರು. ಆ ವಿಡಿಯೊ ತಮಿಳುನಾಡಿಗೆ ಹೋಯಿತು. ಚೆನ್ನೈಯಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ದಾಳಿಯಾಯಿತು, ರಾಮೇಶ್ವರದಲ್ಲಿ ಕರ್ನಾಟಕದ ವಾಹನಗಳವರಿಗೆ ಏಟು ಬಿತ್ತು. ಆ ದೃಶ್ಯಗಳು ಇಲ್ಲಿಗೆ ಮರಳಿ ಬಂದವು. ಅದೇ ದಿನ ಖಾಸಗಿ ಸಾರಿಗೆ ಸಂಸ್ಥೆಯೊಂದರ ಹತ್ತಾರು ಬಸ್ಸುಗಳು ಡಿಪೊದಲ್ಲೇ ಸುಟ್ಟು ಕರಕಲಾದವು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬ ಬಲಿಯಾದ. ಒಂದು ವಿಡಿಯೊ, ಅದಕ್ಕೊಂದು ಎದುರು ವಿಡಿಯೊ, ಆಮೇಲೆ ಬೆಂಕಿ. 1991ರ ಡಿಸೆಂಬರಿನಲ್ಲಿ ಮೊಬೈಲ್ ಇಲ್ಲದೆಯೇ ಇದೇ ನಗರ ಕಾವೇರಿಯ ಹೆಸರಿನಲ್ಲಿ ಹೊತ್ತಿ ಉರಿದಿತ್ತು. ಈಗ ಪ್ರತಿ ಕೈಯಲ್ಲೂ ಕ್ಯಾಮೆರಾ ಇದೆ, ಜಗಳವನ್ನು ಹಂಚಿದವನಿಗೆ ದುಡ್ಡೂ ಬರುತ್ತದೆ.

ನಾವೂ ಪರವೂರಿನಲ್ಲಿ ಹೊರಗಿನವರಾಗಿದ್ದವರೇ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಮುಂಬೈಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗಿನಲ್ಲಿ ಉಡುಪಿ ಹೋಟೆಲುಗಳೂ ಏಟು ತಿಂದವು. ಬೆಳಗಿನ ನಾಲ್ಕಕ್ಕೇ ಎದ್ದು ಇಡ್ಲಿ ಹಿಟ್ಟು ಹುಯ್ಯುತ್ತಿದ್ದ ಕರಾವಳಿಯ ಹುಡುಗರು ಆ ಊರಿನ ಕೆಲಸ ಕದ್ದವರು ಎನ್ನಿಸಿಕೊಂಡರು. ಗೋವಾದ ಬೈನಾದಲ್ಲಿ ಕನ್ನಡಿಗ ಕೂಲಿಕಾರರ ಜೋಪಡಿಗಳನ್ನು ಕೆಡವಿದಾಗ ಇಡೀ ಕರ್ನಾಟಕ ಮರುಗಿತು, ಮಾನವೀಯತೆ ಇಲ್ಲವೇ ಎಂದು ಕೇಳಿತು. ಕರಿಯಮ್ಮನ ಅಗ್ರಹಾರದ ತಗಡಿನ ರಾಶಿಯ ಮುಂದೆ ಅದೇ ಪ್ರಶ್ನೆಯನ್ನು ಅಷ್ಟೇ ಗಟ್ಟಿಯಾಗಿ ಕೇಳಿದವರು ಕಡಿಮೆ.

ಹಾಗಾದರೆ ನಗರ ಏನು ಮಾಡಬೇಕು? ಮೊದಲು ಲೆಕ್ಕ ಇಡಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಊರೂರಿನಲ್ಲಿ ಮಳೆಮಾಪಕ ಇಟ್ಟಿದೆ. ಬೆಂಗಳೂರಿನ ಯಾವ ಬಡಾವಣೆಯಲ್ಲಿ ಎಷ್ಟು ಮಿಲಿಮೀಟರ್ ಸುರಿಯಿತು, ಯಾವ ರಾಜಕಾಲುವೆ ತುಂಬುತ್ತಿದೆ ಎಂಬುದು ಆಗಿಂದಾಗಲೇ ಗೊತ್ತಾಗುತ್ತದೆ. ಯಾವ ಬಡಾವಣೆಯಲ್ಲಿ ಎಷ್ಟು ಮಂದಿಗೆ ಮುಖ ನೋಡಿ ಮನೆ ನಿರಾಕರಿಸಲಾಯಿತು, ಯಾವ ಪುಕಾರು ಎಲ್ಲಿಂದ ಎದ್ದಿತು, ಯಾವ ಕಾಲೇಜಿನ ಸುತ್ತ ಕಿರಿಕಿರಿ ಹೆಚ್ಚುತ್ತಿದೆ ಎಂದು ತಿಳಿದುಕೊಳ್ಳುವ ಹೊಣೆ ಮಾತ್ರ ಯಾರದೂ ಅಲ್ಲ. ದೂರು ಕೊಡಲು ಹೋದರೆ ಅದು ‘ಸಣ್ಣ ಗಲಾಟೆ’ ಎಂದು ಎಫ್‌ಐಆರ್ ಇಲ್ಲದ ಎನ್‌ಸಿಆರ್ ಆಗಿ ಮುಗಿಯುತ್ತದೆ. ಯಾಕಾಗಿ ಹೊಡೆದರು, ಹೊಡೆಯುವಾಗ ಏನೆಂದು ಬೈದರು ಎಂಬುದು ಕಾಗದದ ಮೇಲೆ ಬರುವುದೇ ಇಲ್ಲ.

ಇಂಥ ಕೆಲಸಕ್ಕೆ ಬೇರೆಡೆ ಮಾದರಿಗಳಿವೆ. 2004ರ ಡಿಸೆಂಬರ್ 10ರಂದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಯುರೋಪಿನ ನಗರಗಳು ಸೇರಿ ಜನಾಂಗದ್ವೇಷದ ವಿರುದ್ಧ ಒಕ್ಕೂಟ ಕಟ್ಟಿಕೊಂಡವು. ಬೆನ್ನಿಗೆ ಯುನೆಸ್ಕೊ ಇತ್ತು. ಹಿಟ್ಲರನ ಆಡಳಿತ 1935ರಲ್ಲಿ ಯಹೂದಿಗಳ ಪೌರತ್ವ ಕಸಿದ ಕಾನೂನುಗಳನ್ನು ಘೋಷಿಸಿದ್ದು ಇದೇ ನಗರದಲ್ಲಿ. ತನ್ನ ಚರಿತ್ರೆಯಲ್ಲಿ ಏನಾಗಿತ್ತೆಂದು ಬಲ್ಲ ಊರು ಆ ಹೊಣೆ ಹೊತ್ತದ್ದು ದೊಡ್ಡ ಮಾತು. ಒಕ್ಕೂಟದ ಹತ್ತು ಅಂಶಗಳ ಕಾರ್ಯಕ್ರಮದಲ್ಲಿ ಮೊದಲನೆಯದೇ ನಿಗಾ. ಬಾರ್ಸಿಲೋನಾ 2010ರಿಂದ ಇನ್ನೊಂದು ದಾರಿ ಹಿಡಿಯಿತು. ವಲಸಿಗರ ಬಗ್ಗೆ ಊರಿನಲ್ಲಿ ಓಡಾಡುವ ಪುಕಾರುಗಳನ್ನು ಗುರುತಿಸಿ, ಅವಕ್ಕೆ ಉತ್ತರ ಕೊಡಲು ನಗರಾಡಳಿತವೇ ಸಾಮಾನ್ಯ ಜನರಿಗೆ ತರಬೇತಿ ನೀಡಿತು. ಉತ್ತರ ಹೋಗುವುದು ಸರ್ಕಾರಿ ಪ್ರಕಟಣೆಯಿಂದಲ್ಲ, ಗುರುತು ಪರಿಚಯದವರ ಬಾಯಿಂದ. ಆಮೇಲೆ ಯುರೋಪಿನ ಬೇರೆ ನಗರಗಳೂ ಅದನ್ನು ಕಲಿತವು.

ಬೆಂಗಳೂರಿಗೆ ಇದು ಹೊಸತಾಗಿ ಹೇಳಿಕೊಡಬೇಕಾದ ವಿದ್ಯೆಯೇನಲ್ಲ. ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುವ ಊರು ಇದು. ಆದರೆ ಹಳೆಯ ಪೇಟೆಯ ಸಾಮರಸ್ಯ ಹೊಸ ಬಡಾವಣೆಗಳಿಗೆ ತಾನಾಗಿಯೇ ಹರಿದು ಬರುವುದಿಲ್ಲ. ಕಮ್ಮನಹಳ್ಳಿ, ಹೆಣ್ಣೂರು, ಸೋಲದೇವನಹಳ್ಳಿ, ಮಾರತ್ತಹಳ್ಳಿ, ಈಜೀಪುರದಲ್ಲಿ ಅದನ್ನು ಕಟ್ಟಲೇಬೇಕು. ವಾರ್ಡ್ ಸಮಿತಿಯಲ್ಲಿ ಅಲ್ಲಿ ನೆಲೆಸಿರುವ ವಲಸಿಗರ ಪ್ರತಿನಿಧಿ ಒಬ್ಬರಿಗೆ ಜಾಗ ಕೊಡುವುದು, ಪೊಲೀಸ್ ಸಹಾಯವಾಣಿಗೆ ಅಸ್ಸಾಮಿ, ಹಿಂದಿ, ಇಂಗ್ಲಿಷ್ ಬಲ್ಲವರನ್ನು ಕೂರಿಸುವುದು, ವಿದೇಶಿ ವಿದ್ಯಾರ್ಥಿಗಳಿಂದ ಶುಲ್ಕ ಪಡೆಯುವ ಕಾಲೇಜುಗಳು ಅವರ ವಸತಿಯ ಹೊಣೆಯನ್ನೂ ಹೊರುವಂತೆ ಮಾಡುವುದು ಕೋಟಿಗಟ್ಟಲೆ ದುಡ್ಡಿನ ಕೆಲಸವಲ್ಲ. ಕನ್ನಡ ಕಲಿಕೆಯನ್ನಂತೂ ಮೊದಲ ಸಾಲಿಗೆ ತರಬೇಕು. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಕಲಿಕಾ ಕೇಂದ್ರಗಳು ಪಿ.ಜಿ.ಗಳಿಗೆ, ಕಾರ್ಮಿಕರ ಶೆಡ್ಡುಗಳಿಗೆ, ಸೆಕ್ಯುರಿಟಿ ಏಜೆನ್ಸಿಗಳಿಗೆ, ಅವರ ಪಾಳಿಯ ಹೊತ್ತಿಗೆ ಹೊಂದುವಂತೆ ಹೋಗಬೇಕು. ‘ಅಣ್ಣ, ಎಷ್ಟಾಯ್ತು’ ಎಂದು ಕೇಳುವ ಮಿಜೋರಾಮಿನ ಹುಡುಗಿಯನ್ನು ತರಕಾರಿ ಅಂಗಡಿಯವನು ಹೊರಗಿನವಳೆಂದು ನೋಡುವುದಿಲ್ಲ. ಕನ್ನಡವನ್ನು ಬೆದರಿಕೆಯಾಗಿ ಬಳಸುವವರು ಕನ್ನಡಕ್ಕೇ ದ್ರೋಹ ಮಾಡುತ್ತಿದ್ದಾರೆ.

ಕಾನೂನಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2014ರ ಜನವರಿಯಲ್ಲಿ ದೆಹಲಿಯಲ್ಲಿ ಅರುಣಾಚಲದ ಯುವಕನೊಬ್ಬ ಹಲ್ಲೆಗೊಳಗಾಗಿ ಸತ್ತ ಮೇಲೆ ನೇಮಕವಾದ ಬೆಜ್‌ಬರುವಾ ಸಮಿತಿ ಅದೇ ವರ್ಷ ವರದಿ ಕೊಟ್ಟು, ಜನಾಂಗೀಯ ಅವಮಾನವನ್ನು ತಡೆಯುವ ಕಾನೂನು ಬೇಕೆಂದಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಜನಾಂಗ, ಭಾಷೆ, ಹುಟ್ಟಿದ ಊರಿನ ಕಾರಣಕ್ಕೆ ಐದು ಅಥವಾ ಹೆಚ್ಚು ಮಂದಿ ಸೇರಿ ಕೊಂದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇದೆ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳಲ್ಲಿ ಜನಾಂಗದ ಹೆಸರಿನಲ್ಲಿ ತಡೆಯುವುದನ್ನು ನಿಷೇಧಿಸುತ್ತದೆ. ಆದರೆ ಬಾಡಿಗೆ ಮನೆಯ ಬಾಗಿಲಲ್ಲಿ ‘ಇಲ್ಲ’ ಎನ್ನಿಸಿಕೊಂಡವಳಿಗೆ ಈ ಯಾವುದರಿಂದಲೂ ಸುಲಭದ ಪರಿಹಾರವಿಲ್ಲ. ಎಲ್ಲವೂ ಶುರುವಾಗುವುದು ಆ ಬಾಗಿಲಿನಿಂದ. ರಾಜ್ಯ ಸರ್ಕಾರ ಬಾಡಿಗೆ ಕಾನೂನಿಗೆ ಈ ಒಂದು ಅಂಶ ಸೇರಿಸಲಿ: ಜನಾಂಗ, ಭಾಷೆ, ಜಾತಿ, ಧರ್ಮ ನೋಡಿ ಮನೆ ನಿರಾಕರಿಸಿದರೆ ಬ್ರೋಕರನಿಗೂ ಮಾಲೀಕನಿಗೂ ದಂಡ.

ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಅದರಡಿ ಐದು ಪಾಲಿಕೆಗಳಾಗಿವೆ. ಹೊಸ ಕಚೇರಿ, ಹೊಸ ಬೋರ್ಡು, ಹೊಸ ಅಧಿಕಾರಿಗಳು. ಕಸಕ್ಕೆ, ಗುಂಡಿಗೆ, ಕೆರೆಗೆ ಒಬ್ಬೊಬ್ಬ ಹೊಣೆಗಾರ ಇರುವಂತೆ, ಊರಿನಲ್ಲಿ ಹುಟ್ಟುವ ದ್ವೇಷದ ಮೇಲೆ ಕಣ್ಣಿಡಲು ಪ್ರತಿ ಪಾಲಿಕೆಯಲ್ಲೂ ಒಬ್ಬ ಅಧಿಕಾರಿ ಬೇಕು. ದೂರು ಕೇಳಿಸಿಕೊಳ್ಳುವ, ದಾಖಲಿಸುವ, ಮೂರು ತಿಂಗಳಿಗೊಮ್ಮೆ ಜನರ ಮುಂದೆ ವರದಿ ಇಡುವ ಅಧಿಕಾರಿ. ಪಾಲಿಕೆ ಚುನಾವಣೆಗೆ ಮತ ಕೇಳಲು ನಿಮ್ಮ ಮನೆ ಬಾಗಿಲಿಗೆ ಬರುವ ಪ್ರತಿ ಅಭ್ಯರ್ಥಿಯನ್ನೂ ಇದನ್ನು ಕೇಳಿ. ನಿಮ್ಮ ಮನೆ ಬಾಡಿಗೆಗಿದ್ದರೆ, ಅದನ್ನು ನೋಡಲು ಬಂದವರ ಮುಖ ನೋಡುವ ಬದಲು ಅಗ್ರಿಮೆಂಟ್ ನೋಡಿ ಕೊಡಿ.